ಇಪ್ಪತ್ತಮೂರು ಫೋನಿನ ದಾರಿ

ಜನವರಿ ೬, ೨೦೨೫

ತೋಟದ ರೈಟರ್ ಸಾಹೇಬರಿಗೆ,

ತಾವು ಕ್ಷೇಮವೇ? ಶಕುಂತಲಾಳ ಸೊಂಟನೋವು ಇಳಿಯಿತೇ? ಮಗಳು ಮೋನಿಷಾಳ ಕೆಮ್ಮು ಹೇಗಿದೆ? ಪರೀಕ್ಷೆ ಹತ್ತಿರ ಬಂತು, ಅವಳಿಗೆ ಬಿಸಿನೀರೇ ಕೊಡಬೇಕು. ನಿಮ್ಮ ನಾಯಿಯ ಕಾಲಿನ ಗಾಯ ಮಾಗಿತೇ?

ಇಷ್ಟು ಕೇಳಿದೆನೆಂದು ಉಬ್ಬಬೇಡಿ. ಐವತ್ತು ವರ್ಷದಿಂದ ನೆಂಟರಿಷ್ಟರಿಗೆ ಕಾಗದ ಬರೆಯುತ್ತಿರುವ ಕೈ ಇದು, ಎಲ್ಲರ ಕ್ಷೇಮ ಕೇಳದೆ ಮುಂದಿನ ಸಾಲಿಗೆ ಇಳಿಯುವುದಿಲ್ಲ. ಈ ಕಾಗದ ನಿಮ್ಮನ್ನು ತಲುಪುವುದೂ ಇಲ್ಲ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ಅದರಲ್ಲಿ ಬರೆದಿಡುತ್ತಿದ್ದೇನೆ. ಯಾರನ್ನಾದರೂ ಬೈಯಲೇಬೇಕು. ನನ್ನ ಗಂಡನನ್ನು, ಅದೇ ನಿಮ್ಮ ಭಾವನನ್ನು, ಬೈದರೆ ಅವರು ಈಗೀಗ ನಗುತ್ತಾರೆ.

ಮೊನ್ನೆ ಶನಿವಾರ ನಾನೂ ಹುಚ್ಚಮ್ಮನೂ ರೇಶನ್ ಅಕ್ಕಿ ಹೊತ್ತುಕೊಂಡು ಬಸ್ಸಿಳಿದು ಬಂದರೆ ದಾರಿಗೆ ಗೇಟು. ಹಳದಿ ಬಣ್ಣ ಇನ್ನೂ ಒಣಗಿರಲಿಲ್ಲ, ನನ್ನ ಸೆರಗಿಗೆ ಅಂಟಿತು. ಕೊಡಿಬೈಲಿನ ಇಪ್ಪತ್ತಮೂರು ಮನೆಯವರು ಸಂಪಾಜೆ ರಸ್ತೆಗೆ ಇಳಿಯುವುದು ಆ ಕಾಫಿ ತೋಟದ ನಡುವಿನ ದಾರಿಯಲ್ಲೇ, ಕಾಲು ಗಂಟೆಯೂ ಬೇಡ. ಅದಿಲ್ಲದಿದ್ದರೆ ಗುಡ್ಡ ಸುತ್ತಿ ಏಳು ಕಿಲೋಮೀಟರು. ಹುಚ್ಚಮ್ಮನಿಗೆ ಎಪ್ಪತ್ತನಾಲ್ಕು.

ಆಗ ಜೀಪಿನಿಂದ ಇಳಿದವರು ತಾವು. ತೋಟ ಕೊಂಡ ಕಂಪೆನಿಯವರು ಬರೆಸಿದ ಕಾಗದವನ್ನು ತಲೆ ಎತ್ತದೆ ಓದಿದಿರಿ. ಈ ತೋಟದೊಳಗೆ ಊರಿನವರು ಓಡಾಡುವ ದಾರಿ ಎಂದೂ ಇರಲಿಲ್ಲವಂತೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿರುವ ನಾನು ಇದನ್ನು ದೃಢಪಡಿಸುತ್ತೇನೆ ಅಂತ ಕೊನೆಗೆ ನಿಮ್ಮ ಸಹಿ. ಅದೇ ಕಾಗದ ತಾಲೂಕು ಕಚೇರಿಗೂ ಹೋಗಿದೆಯಂತೆ.

ಎಂದೂ ಇರಲಿಲ್ಲ! ನಿಮ್ಮನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದೇ ದಾರಿಯಲ್ಲಿ ಶಾಲೆಗೆ ಹೊತ್ತವಳು ನಾನು. ನೀವು ಒಳಗೆ ಕೂತು ಅಳುತ್ತಿದ್ದಿರಿ, ನಾನು ಕಿಟಕಿಯ ಹೊರಗೆ ನಿಂತು ಮಣ್ಣಿನ ಮೇಲೆ ಅ ಆ ತಿದ್ದುತ್ತಿದ್ದೆ. ನನ್ನನ್ನು ಯಾರೂ ಶಾಲೆಗೆ ಸೇರಿಸಲಿಲ್ಲ. ಈಗ ಬರೆಯುತ್ತಿರುವ ಈ ಅಕ್ಷರ ಆ ದಾರಿಯದು.

ಫೆಬ್ರವರಿ ಹನ್ನೊಂದಕ್ಕೆ ತಹಶೀಲ್ದಾರರು ಜಾಗ ನೋಡಲು ಬರುತ್ತಾರಂತೆ. ಅಷ್ಟರೊಳಗೆ ದಾರಿ ಇತ್ತು ಅಂತ ತೋರಿಸದಿದ್ದರೆ ಗೇಟು ಅಲ್ಲೇ ಇರುತ್ತದೆ. ನೋಡೋಣ.

ಜನವರಿ ೯

ರೈಟರ್ ಸಾಹೇಬರೆ,

ಇವತ್ತು ಅಂಗನವಾಡಿಯಲ್ಲಿ ಎಲ್ಲರೂ ಸೇರಿದ್ದೆವು. ಮಕ್ಕಳ ಕುರ್ಚಿಯಲ್ಲಿ ಕೂತ ನಿಮ್ಮ ಭಾವನನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಊರಿನ ನಕ್ಷೆಯಲ್ಲಿ ದಾರಿ ಇಲ್ಲ. ಕೇಳಿದರೆ ಗ್ರಾಮಲೆಕ್ಕಿಗರು ಒಳ್ಳೆಯ ಮಾತಿನಲ್ಲೇ ಹೇಳಿದರು, ಜನ ಹಿಂದಿನಿಂದ ನಡೆಯುತ್ತಿದ್ದರು ಅನ್ನುವುದಕ್ಕೆ ಏನಾದರೂ ಗುರುತು ತನ್ನಿ ಎಂದು. ನಡೆದದ್ದಕ್ಕೆ ರಶೀದಿ ಯಾರು ಇಟ್ಟುಕೊಳ್ಳುತ್ತಾರೆ?

ಅಂಗನವಾಡಿ ಟೀಚರ್ ಸೌಮ್ಯ ತನ್ನ ಫೋನು ತೆಗೆದಳು. ಮೂರು ವರ್ಷದ ಹಿಂದಿನ ಆಗಸ್ಟ್ ಹದಿನೈದು. ಮಕ್ಕಳು ಬಾವುಟ ಹಿಡಿದು ಸಾಲಾಗಿ ತೋಟದ ಏಳು ಕಲ್ಲುಮೆಟ್ಟಿಲು ಇಳಿಯುತ್ತಿದ್ದಾರೆ. ತಾರೀಕು ಕೂಡ ಅದರಲ್ಲೇ ಇದೆ. ಆಮೇಲೆ ಅಶೋಕ್ ತನ್ನ ಮದುವೆ ದಿಬ್ಬಣದ ವಿಡಿಯೋ ತೆಗೆದ. ಹಾಗೆ ನೋಡಿದರೆ ಪ್ರತಿ ಮನೆಯಲ್ಲೂ ಒಂದೊಂದು ಚೂರು ದಾರಿ ಇದೆ. ಆದರೆ ಅವರವರದು ಅವರವರ ಫೋನಿನಲ್ಲಿ. ಒಂದು ಕಡೆ ಸೇರಿಸಬೇಕು. ಹೇಗೆ? ನಮ್ಮ ಹಳ್ಳದಲ್ಲಿ ಸಿಗ್ನಲ್ ಎಂಬುದು ನೆಂಟರ ಹಾಗೆ, ಬಂದರೆ ಬಂತು. ವಿಡಿಯೋ ಕಳಿಸಿದರೆ ಎರಡು ದಿನ ಚಕ್ರ ತಿರುಗುತ್ತದೆ.

ಸೌಮ್ಯ ಹೇಳಿದಳು, ಪಕ್ಕಪಕ್ಕದಲ್ಲಿರುವ ಎರಡು ಫೋನಿಗೆ ಸಿಗ್ನಲ್ ಬೇಡ, ನೆಟ್ ಬೇಡ, ಗಾಳಿಯಲ್ಲೇ ದಾಟುತ್ತದೆ ಎಂದು. ಒಮ್ಮೆ ಮಾಡಿ ತೋರಿಸಿದಳು. ಮನೆ ಮನೆಗೆ ಯಾರು ಹೋಗುವುದು ಎಂಬ ಮಾತು ಬಂದಾಗ ಎಲ್ಲರಿಗೂ ಕಾಫಿ ಕುಯ್ಲು. ನಾನು ಕೈ ಎತ್ತಿದೆ. ಯಾರೋ ಹಿಂದಿನಿಂದ ನಕ್ಕರು. ನಕ್ಕವರ ಮನೆಗೇ ಮೊದಲು ಹೋಗುತ್ತೇನೆ.

ಜನವರಿ ೧೦

ಮರೆಯದಿರಲು ಬರೆದುಕೊಂಡಿದ್ದೇನೆ. ಎರಡೂ ಫೋನಿನಲ್ಲಿ ಬ್ಲೂಟೂತ್ ಹಚ್ಚಬೇಕು. ವೈಫೈಯನ್ನೂ ಹಚ್ಚಬೇಕು, ನೆಟ್ ಇಲ್ಲದಿದ್ದರೂ. ಲೊಕೇಶನ್ ಕೂಡ. ಪಡೆಯುವವರು ತಮ್ಮ ಫೋನು ‘ಎಲ್ಲರಿಗೂ’ ಕಾಣುವಂತೆ ಒತ್ತಬೇಕು, ಹತ್ತು ನಿಮಿಷ ಮಾತ್ರ ಕಾಣುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಕಳಿಸುವವರು ವಿಡಿಯೋ ಮುಟ್ಟಿ, ಹಂಚು ಎಂಬಲ್ಲಿ ಒತ್ತಿ, ಬಂದ ಹೆಸರು ಮುಟ್ಟಬೇಕು. ಅಷ್ಟಾದರೂ ಹೋಗುವುದಿಲ್ಲ. ಆ ಕಡೆಯವರು ‘ಸ್ವೀಕರಿಸಿ’ ಒತ್ತಿದರೇ ಹೋಗುವುದು.

ಬೇಲಿ ಮೇಲಿಂದ ಮಜ್ಜಿಗೆ ಚೊಂಬು ದಾಟಿಸಿದ ಹಾಗೆ. ಕೊಡುವವಳು ಎಷ್ಟು ಚಾಚಿದರೂ ಆ ಕಡೆಯವಳು ಕೈ ನೀಡಬೇಕು.

ಜನವರಿ ೧೨

ಒಂದೂ ಹೋಗಲಿಲ್ಲ. ಹುಚ್ಚಮ್ಮನ ಮನೆಯಲ್ಲಿ ಒಂದು ಗಂಟೆ ಕೂತೆ. ಹುಡುಕುತ್ತಿದೆ, ಹುಡುಕುತ್ತಿದೆ ಅಂತಲೇ ತೋರಿಸಿತು. ನಿಮ್ಮ ಭಾವ ಅಂದದ್ದು: “ನಿನಗೆ ಹೆದರಿ ಅದೂ ಅಡಗಿ ಕೂತಿರ್ಬೇಕು.”

ಸಂಜೆ ತಿಳಿಯಿತು. ಬ್ಯಾಟರಿ ಉಳಿಯಲಿ ಅಂತ ಹುಚ್ಚಮ್ಮ ತನ್ನ ಫೋನಿನ ಬೆಳಕು ಆರಿಸಿ ಸೆರಗಿನಲ್ಲಿ ಸುತ್ತಿಟ್ಟಿದ್ದಳು. ಪರದೆ ಬೆಳಗಿರಬೇಕು. ನಾಳೆ ಪುನಃ.

ಜನವರಿ ೧೬

ರೈಟರೇ, ಇವತ್ತಿನದು ನೀವು ಕೇಳಬೇಕಿತ್ತು.

ನಮ್ಮ ಸ್ತ್ರೀಶಕ್ತಿ ಸಂಘದವರು ಹೋದ ವರ್ಷ ಒಟ್ಟಿಗೆ ಹನ್ನೊಂದು ಫೋನು ತಂದದ್ದು ನೆನಪಿದೆಯಲ್ಲ, ಒಂದೇ ಅಂಗಡಿ, ಒಂದೇ ಬಣ್ಣ, ಜಗಳ ಬೇಡ ಅಂತ. ಜಗಳ ಆಗ ಬರಲಿಲ್ಲ, ಈಗ ಬಂತು. ಹುಡುಕಿದರೆ ಹನ್ನೊಂದಕ್ಕೂ ಒಂದೇ ಹೆಸರು, ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕಿ. ಸಂಘದ ಸಭೆಯಲ್ಲಿ ಎಲ್ಲರೂ ಒಮ್ಮೆಗೇ ಒತ್ತಿದರು. ಸೌಮ್ಯಳ ಮಕ್ಕಳ ತೂಕದ ಫೋಟೋಗಳು ಹುಚ್ಚಮ್ಮನಿಗೆ ಹೋದವು. ಮೇಲಡ್ಕದವಳು ತನ್ನ ಅತ್ತೆ ಗೊರಕೆ ಹೊಡೆಯುವುದನ್ನು ತಂಗಿಗೆ ತೋರಿಸಲು ತೆಗೆದಿಟ್ಟಿದ್ದಳಂತೆ, ಅದು ಆ ಅತ್ತೆಯ ಫೋನಿಗೇ ಹೋಯಿತು. ಅತ್ತೆ ಸ್ವೀಕರಿಸಿದರು. ಸಭೆ ಅಲ್ಲಿಗೆ ನಿಂತಿತು.

ಆಗ ನನಗೆ ಹೊಳೆಯಿತು. ನಾವು ಮನುಷ್ಯರನ್ನು ಗುರುತಿಸುವುದು ಮನೆ ಹೆಸರಿನಿಂದ ತಾನೇ? ಊರಿನಲ್ಲಿ ನಾಲ್ಕು ಬೊಳ್ಳಮ್ಮ ಇದ್ದೇವೆ, ಬೈಲುಮನೆ ಬೊಳ್ಳಮ್ಮ ಅಂದರೆ ನಾನೊಬ್ಬಳೇ. ಹಾಗೇ ಫೋನಿಗೂ ಇಡೋಣ ಅಂದೆ. ಹೆಸರು ಬದಲಿಸುವ ಜಾಗವನ್ನು ಸೌಮ್ಯ ಹುಡುಕಿ ಕೊಟ್ಟಳು. ಬೈಲುಮನೆ, ಮೇಲಡ್ಕ, ಕಲ್ಲುಗದ್ದೆ, ನೆಲ್ಲಿಬಾಣೆ. ಒಂದೊಂದನ್ನೂ ಕನ್ನಡದಲ್ಲೇ ನಾನೇ ಒತ್ತಿ ಬರೆದೆ. ಈಗ ಹುಡುಕಿದರೆ ಊರೇ ಸಾಲಾಗಿ ಬಂದು ನಿಲ್ಲುತ್ತದೆ.

ಪಾಲೆಮೂಲೆ ಅಂತ ಯಾವ ಫೋನಿಗೂ ಇಡಲಿಲ್ಲ. ನಮ್ಮ ತವರುಮನೆಯ ಹೆಂಚು ಇಳಿಸಿ ನಾಲ್ಕು ವರ್ಷವಾಯಿತು. ಆ ಹೆಸರಿಗೆ ಉಳಿದ ಗಂಡಸು ನೀವೊಬ್ಬರೇ. ನಿಮಗೆ ಈಗ ಕಂಪೆನಿಯ ಹೆಸರೇ ಸಾಕಲ್ಲ.

ಜನವರಿ ೨೨

ಹದಿನೇಳು ಮನೆ ಮುಗಿಯಿತು. ನನ್ನ ಫೋನಿನಲ್ಲಿ ಈಗ ಐವತ್ತೆರಡು ತುಂಡು. ಇವತ್ತು ಹೆಸರಿಟ್ಟು ಜೋಡಿಸುತ್ತಾ ಒಂದೊಂದೇ ನೋಡಿದೆ. ಅಶೋಕನ ಹೆಂಡತಿ ಮದುವೆ ಸೀರೆ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಏರುವುದು. ಕರೆಂಟು ಕಂಬವನ್ನು ಊರಿನವರೆಲ್ಲ ಹೆಗಲ ಮೇಲೆ ಹೊತ್ತು ತರುವುದು, ನಡುವೆ ಒಬ್ಬ ಹೊರದೆ ಬರಿದೇ ಕೂಗುವುದು (ನಿಮ್ಮ ಭಾವ). ಹುಚ್ಚಮ್ಮನ ಹಸು ದಾರಿಗೆ ಅಡ್ಡ ಮಲಗಿ ಅಲ್ಲೇ ಕರು ಹಾಕಿದ್ದು. ಹಾಲಿನ ಕ್ಯಾನು, ಗ್ಯಾಸಿನ ಸಿಲಿಂಡರು, ಟಪ್ಪಾಲಿನವರ ಕೊಡೆ.

ಎಲ್ಲದರಲ್ಲೂ ಆ ಏಳು ಮೆಟ್ಟಿಲು.

ಒಂದರಲ್ಲಿ ಮೋನಿಷಾ ಇದ್ದಾಳೆ, ಐದೋ ಆರೋ ವರ್ಷ. ಮೆಟ್ಟಿಲ ಮೇಲೆ ಕೂತು ಅತ್ತೆ ಬರ್ಲಿ, ಅತ್ತೆ ಬರ್ಲಿ ಅನ್ನುತ್ತಾಳೆ. ನಾನು ಹಿಂದೆ ಉಳಿದಿದ್ದೆ, ನೀವು ತೆಗೆದದ್ದು, ಸೌಮ್ಯಳ ಹತ್ತಿರ ಹೇಗೋ ಉಳಿದಿದೆ. ಅವಳ ಕೆಮ್ಮಿಗೆ ಕರಿಮೆಣಸಿನ ಕಷಾಯ ಮಾಡಲು ಶಕುಂತಲಾಳಿಗೆ ಗೊತ್ತಿದೆಯಲ್ಲ, ಜೇನು ಕೊನೆಗೆ ಹಾಕಬೇಕು.

ಅದನ್ನು ಸಾಕ್ಷಿಗೆ ಸೇರಿಸಿದ್ದೇನೆ. ಬೇಸರವಾದರೆ ಆಗಲಿ.

ಜನವರಿ ೨೮

ವಸಂತ,

ಇವತ್ತು ತೋಟದ ಲೈನಿಗೆ, ಕೂಲಿಯವರ ಸಾಲುಮನೆಗೆ ಹೋಗಿದ್ದೆ, ಚೋಮನ ಮನೆಗೆ. ಕುಯ್ಲು ಮುಗಿಸಿ ಬಂದು ಕೂತಿದ್ದ. ನನ್ನನ್ನು ಒಳಗೆ ಕರೆದು ಮೊದಲು ಬಾಗಿಲು ಹಾಕಿದ. ಲೈನಿನಲ್ಲಿ ಇರುವವರಿಗೆ ತೋಟವೇ ಸೂರು, ನಾನೇ ಬೇಡ ಅಂದೆ, ನಿನಗೆ ತೊಂದರೆಯಾದರೆ ಕೊಡಬೇಡ ಅಂತ. ಅವನು ಟ್ರಂಕಿನಿಂದ ಒಂದು ಹಳೇ ಫೋನು ತೆಗೆದು ಚಾರ್ಜಿಗೆ ಹಾಕಿದ. ಗಾಜು ಒಡೆದಿದೆ. ಬೆಳಗಲು ಅರ್ಧ ಗಂಟೆ ಹಿಡಿಯಿತು.

ಹದಿನೆಂಟನೇ ಇಸವಿ ಆಗಸ್ಟ್. ಗುಡ್ಡ ಜರಿದ ಮಾರನೆಯ ದಿನ. ಚೋಮನ ಹೆಂಡತಿ ಹಿಡಿದ ವಿಡಿಯೋ, ನಲವತ್ತು ಸೆಕೆಂಡು. ಅವ್ವನನ್ನು ಕುರ್ಚಿಗೆ ಕಟ್ಟಿ ಮುಂದೆ ನೀನು, ಹಿಂದೆ ಚೋಮ, ಮೆಟ್ಟಿಲು ಇಳಿಸುತ್ತಿದ್ದೀರಿ. ಅವ್ವನ ತಲೆಗೆ ಮಳೆಗೆಂದು ಗೊಬ್ಬರದ ಚೀಲದ ಕೊಪ್ಪೆ. ಅವಳು ನನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ, ಬೊಳ್ಳು ಎಲ್ಲಿ, ಬೊಳ್ಳು ಎಲ್ಲಿ ಅಂತ. ಆಗ ನೀನು ಮನೆಯ ಮಾತಿನಲ್ಲಿ, ಅಕ್ಕ ಕೆಳಗೆ ಇದ್ದಾಳೆ ಅಂತ ಹೇಳುವುದು ಸರಿಯಾಗಿ ಕೇಳುತ್ತದೆ:

“ಅಕ್ಕ ಆಗ್ಲೇ ಕೆಳಗೆ ಉಟ್ಟು ಅವ್ವ. ಹೆದ್ರಬೇಡ. ನಮ್ಮ ದಾರಿ ಇದ್, ಕಣ್ಣ್ ಕಟ್ಟಿರೂ ನಂಗೆ ಗೊತ್ತುಟ್ಟು.”

ಕಣ್ಣು ಕಟ್ಟಿದರೂ ಗೊತ್ತು.

ಆ ಒಡೆದ ಫೋನಿನಿಂದ ನನ್ನದಕ್ಕೆ ದಾಟಲು ನಾಲ್ಕು ಸಲ ಮಾಡಬೇಕಾಯಿತು. ಚೋಮ ಅಂದ, “ಬೊಳ್ಳಕ್ಕ, ನೀವು ತೋರಿಸ್ತೀರೋ ಬಿಡ್ತೀರೋ, ನನ್ನ ಹೆಸರು ಬಂದ್ರೆ ಬರ್ಲಿ. ಅವ್ವನ ಹೊತ್ತದ್ದು ನಾನೂ ತಾನೆ.”

ಅವ್ವ ತೀರಿಕೊಂಡ ನಾಲ್ಕು ವರ್ಷದ ಮೇಲೆ ಅವಳ ದನಿ ಕೇಳಿದೆ. ಇವತ್ತಿಗೆ ಇಷ್ಟು ಸಾಕು.

ಫೆಬ್ರವರಿ ೧

ತೋಟದ ಮ್ಯಾನೇಜರ್ ಬಂದಿದ್ದರು, ಮನೆಗೇ. ಹಣ್ಣಿನ ಬುಟ್ಟಿ ತಂದಿದ್ದರು. ಅಮ್ಮಾ ಅಮ್ಮಾ ಅಂತ ಬಹಳ ಮರ್ಯಾದೆ. ಕಾಫಿ ಕೊಟ್ಟೆ, ಮನೆಗೆ ಬಂದವರಿಗೆ ಕೊಡದಿರಲು ನನಗೆ ಬರುವುದಿಲ್ಲ. ತೋಟದ ಒಳಗಿನ ವಿಡಿಯೋ ಇಟ್ಟುಕೊಳ್ಳುವುದು ಕಂಪೆನಿಯ ನಿಯಮಕ್ಕೆ ವಿರುದ್ಧವಂತೆ. ಸುಮ್ಮನೆ ಕೋರ್ಟು ಕಚೇರಿ ಯಾಕೆ, ಫೋನು ಒಂದು ನಿಮಿಷ ಕೊಡಿ, ನಾನೇ ಅಳಿಸಿಕೊಡುತ್ತೇನೆ ಅಂದರು. ನಿಮ್ಮ ತಮ್ಮನೂ ನಮ್ಮಲ್ಲೇ ಇದ್ದಾರಲ್ಲ ಅಂತಲೂ ಸೇರಿಸಿದರು.

ಆ ಕೊನೆಯ ಮಾತು ನನಗೆ ಕೋಪ ತರಿಸಿತು. ಫೋನು ಅವರ ಕೈಯಲ್ಲೇ ಇಟ್ಟೆ.

“ಅಳಿಸಿ ಸಾರ್,” ಅಂದೆ. “ಆಮೇಲೆ ಮೇಲಡ್ಕಕ್ಕೆ ಹೋಗಿ, ಅಲ್ಲೂ ಉಂಟು. ಕಲ್ಲುಗದ್ದೆಗೆ ಹೋಗಿ. ಇಪ್ಪತ್ತಮೂರು ಮನೆಗೂ ನಾನೇ ಕೂತು ದಾಟಿಸಿದ್ದೇನೆ. ನಡೆದೇ ಹೋಗ್ಬೇಕು, ಗೇಟು ಹಾಕಿದ್ದೀರಲ್ಲ, ಜೀಪು ಸುತ್ತಿ ಬರ್ಬೇಕಾಗ್ತದೆ.”

ನಿನ್ನ ಭಾವ ಒಳಗೆ ಹೋಗಿ ಕೆಮ್ಮಿದರು. ನಗುವಾಗ ಅವರು ಹಾಗೇ ಕೆಮ್ಮುವುದು.

ಮ್ಯಾನೇಜರ್ ಫೋನು ಹಿಂದೆ ಕೊಟ್ಟು ಹೋದರು. ಹಣ್ಣಿನ ಬುಟ್ಟಿ ಅಂಗನವಾಡಿಗೆ ಹೋಯಿತು. ನಿನ್ನ ವಿಡಿಯೋ ಮಾತ್ರ ನಾನು ಯಾವ ಮನೆಗೂ ದಾಟಿಸಿಲ್ಲ. ಅದು ನನ್ನಲ್ಲಿದೆ, ಚೋಮನಲ್ಲಿದೆ.

ಫೆಬ್ರವರಿ ೫

ಬೆಳಿಗ್ಗೆಯಿಂದ ತೋಟದಲ್ಲಿ ಜೆಸಿಬಿ ಸದ್ದು. ಮಧ್ಯಾಹ್ನ ಹೋಗಿ ನೋಡಿದರೆ ಏಳು ಮೆಟ್ಟಿಲಲ್ಲಿ ಒಂದೂ ಇಲ್ಲ. ಮಣ್ಣು ಸಮ ಮಾಡಿ ಅದರ ಮೇಲೆ ಬಾಳೆಗಿಡ ನೆಟ್ಟಿದ್ದಾರೆ. ಗಿಡಗಳು ಬಾಡಿ ತಲೆ ಬಗ್ಗಿಸಿವೆ, ನೀರು ಕೂಡ ಹೊಯ್ದಿಲ್ಲ.

ಈಗ ನಮ್ಮ ವಿಡಿಯೋದಲ್ಲಿ ಇರುವುದು ಯಾವ ಜಾಗ ಅಂತ ಕೇಳಿದರೆ? ಕಾಫಿಗಿಡ ಎಲ್ಲಿ ನೋಡಿದರೂ ಕಾಫಿಗಿಡ.

ನಿನ್ನ ಭಾವನಿಗೆ ಮೊನ್ನೆ ಚೋಮನ ವಿಡಿಯೋ ತೋರಿಸಿದ್ದು ತಪ್ಪಾಯಿತು. ಅದನ್ನೇ ಮೊದಲು ಇಡು, ಸಹಿ ಹಾಕಿದವನೇ ನಡೆದಿದ್ದಾನೆ, ಇದಕ್ಕಿಂತ ಸಾಕ್ಷಿ ಏನು ಬೇಕು ಅಂತ ಹಟ. ಇಟ್ಟರೆ ಏನಾಗುತ್ತದೆ? ತಹಶೀಲ್ದಾರರ ಎದುರು ನೀನು ಸುಳ್ಳುಗಾರ. ಕೆಲಸ ಹೋಗುತ್ತದೆ, ಕ್ವಾರ್ಟರ್ಸ್ ಹೋಗುತ್ತದೆ, ಮೋನಿಷಾಳಿಗೆ ಮಾರ್ಚಿನಲ್ಲಿ ಎರಡನೇ ಪಿಯುಸಿ ಪರೀಕ್ಷೆ. ಇಡದಿದ್ದರೆ ಹುಚ್ಚಮ್ಮ ಏಳು ಕಿಲೋಮೀಟರು ನಡೆಯಬೇಕು.

“ಅವ ನಿನ್ನ ಮುಖ ನೋಡಿ ಓದ್ಲಿಲ್ಲ,” ಅಂದರು ನಿನ್ನ ಭಾವ. “ನೀ ಯಾಕೆ ಅವನ ಮುಖ ನೋಡ್ಬೇಕು?”

“ನಾನು ಹೊತ್ತು ಬೆಳೆಸಿದ ಮುಖ ಅದು. ಬೇಕಾದ್ರೆ ನಾನೇ ಎದುರು ನಿಂತು ಹೊಡಿತೇನೆ. ಬೇರೆಯವರ ಎದುರು ಹಿಡಿದು ಕೊಡೋದಿಲ್ಲ.”

ಎರಡು ದಿನದಿಂದ ಮಾತಿಲ್ಲ. ಅನ್ನ ಬಡಿಸುತ್ತೇನೆ, ಉಣ್ಣುತ್ತಾರೆ.

ನಾನು ಯಾರಿಗೂ ಹೆದರಿ ಬಚ್ಚಿಟ್ಟಿಲ್ಲ ಎಂಬುದು ಇಲ್ಲಿ ಬರೆದಿರಲಿ. ದಾರಿಯನ್ನೂ ಬಿಡುವುದಿಲ್ಲ.

ಫೆಬ್ರವರಿ ೧೦

ನಾಳೆ. ಎಲ್ಲ ಮನೆಯವರೂ ಫೋನು ತುಂಬ ಚಾರ್ಜ್ ಮಾಡಿಟ್ಟುಕೊಳ್ಳಬೇಕೆಂದು ಹೇಳಿ ಬಂದೆ. ಹಸಿರು ಸೀರೆ ತೆಗೆದಿಟ್ಟಿದ್ದೇನೆ, ಗೇಟಿನ ಬಣ್ಣ ಅಂಟಿದ್ದು. ಸೋಪಿಗೆ ಹೋಗುವುದೂ ಇಲ್ಲ, ಹೋಗಲಿ ಅಂತ ತಿಕ್ಕಿಯೂ ಇಲ್ಲ.

ಫೆಬ್ರವರಿ ೧೧

ವಸಂತ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀನೂ ಅಲ್ಲೇ ಇದ್ದೆ, ಆದರೂ ನಾನು ಕಂಡದ್ದು ಬೇರೆ.

ಹನ್ನೊಂದು ಗಂಟೆಗೆ ತಹಶೀಲ್ದಾರ್ ಮೇಡಂ ಬಂದರು, ಕಾಲಿಗೆ ಓಡುವವರ ಬೂಟು. ಗೇಟಿನ ಈಚೆ ನಾವು ಅರುವತ್ತು ಜನ. ಆಚೆ ಮ್ಯಾನೇಜರ್, ವಾಚ್‌ಮನ್, ನೀನು. ನೀನು ಸೊರಗಿದ್ದೀ.

ಸೌಮ್ಯ ಒಂದೊಂದೇ ವಿಡಿಯೋ ತೋರಿಸಿದಳು. ಮೇಡಂ ತಾಳ್ಮೆಯಿಂದ ನೋಡಿದರು, ಹಸುವಿನ ಕರು ಬಂದಾಗ ನಕ್ಕರು ಕೂಡ. ಮ್ಯಾನೇಜರ್ ನಾನು ಎಣಿಸಿದ್ದನ್ನೇ ಹೇಳಿದರು, ಇವೆಲ್ಲ ಯಾವ ತೋಟದ್ದೋ, ಇಲ್ಲಿ ಮೆಟ್ಟಿಲು ಎಲ್ಲಿದೆ ತೋರಿಸಲಿ ಎಂದು. ನಾವು ಒಟ್ಟಿಗೆ ಕೂಗಿದೆವು. ಮೇಡಂ ಕೈ ಎತ್ತಿದರು.

“ನೀವೆಲ್ಲ ಇದೇ ಜಾಗ ಅಂತೀರಿ, ನಾನು ನಂಬಬಹುದು. ಆದ್ರೆ ನಾಳೆ ಅವ್ರು ಮೇಲ್ಮನವಿ ಹಾಕಿದ್ರೆ ನಿಲ್ಲಲ್ಲ. ತೋಟದ ಕಡೆಯಿಂದ ಇರೋದು ಇವ್ರ ಹೇಳಿಕೆ ಒಂದೇ.” ನಿನ್ನ ಕಡೆ ತಿರುಗಿದರು. “ರೈಟರ್ ನೀವೇ ಅಲ್ವಾ? ಬರ್ಕೊಟ್ಟಿದ್ದಕ್ಕೆ ಬದ್ಧರಾಗಿದ್ದೀರಾ?”

ಅವ್ರು ಬರ್ಕೊಟ್ಟಿದ್ದಾರಲ್ಲ ಮೇಡಂ ಅಂತ ಮ್ಯಾನೇಜರೇ ಅಂದರು. ನಿನ್ನ ಭಾವ ಮೊಣಕೈಯಿಂದ ನನ್ನನ್ನು ತಿವಿದರು. ಈಗ ತೋರಿಸು ಅಂತ ಅರ್ಥ. ಲೈನಿನವರ ಗುಂಪಿನಲ್ಲಿ ಚೋಮ ನಿಂತಿದ್ದ, ಅವನೂ ನನ್ನನ್ನೇ ನೋಡುತ್ತಿದ್ದ.

ನಾನು ಫೋನು ತೆಗೆದು ಆ ವಿಡಿಯೋ ಮುಟ್ಟಿದೆ. ಸೌಮ್ಯಳ ಫೋನಿಗೆ ಕಳಿಸಿದರೆ ಅರ್ಧ ನಿಮಿಷದಲ್ಲಿ ಮೇಡಂ ಕೈಯಲ್ಲಿರುತ್ತಿತ್ತು. ಕಳಿಸಲೋ ಬೇಡವೋ ಎಂಬುದು ಆಗಲೂ ನನಗೆ ಗೊತ್ತಿರಲಿಲ್ಲ, ಸುಳ್ಳು ಯಾಕೆ ಬರೆಯಲಿ. ಹಂಚು ಎಂಬಲ್ಲಿ ಒತ್ತಿದೆ. ಹೆಸರು ಒಂದೊಂದೇ ಬಂತು. ಮೇಲಡ್ಕ. ಕಲ್ಲುಗದ್ದೆ. ನೆಲ್ಲಿಬಾಣೆ. ಅಂಗನವಾಡಿ.

ಪಾಲೆಮೂಲೆ.

ಕನ್ನಡಕ ಒರೆಸಿ ನೋಡಿದೆ. ಆ ಹೆಸರನ್ನು ನಾನು ಯಾವ ಫೋನಿಗೂ ಇಟ್ಟಿಲ್ಲ. ತಲೆ ಎತ್ತಿದರೆ ಗೇಟಿನ ಸರಳಿನ ಆಚೆ ನಿನ್ನ ಕೈಯಲ್ಲಿ ಫೋನು, ಬೆಳಗಿತ್ತು. ನೀನು ಫೋನನ್ನೂ ನೋಡುತ್ತಿರಲಿಲ್ಲ, ಮೇಡಂರನ್ನೂ ನೋಡುತ್ತಿರಲಿಲ್ಲ. ನನ್ನ ಸೆರಗಿನ ಹಳದಿ ಕಲೆ ನೋಡುತ್ತಿದ್ದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕಾಣುವುದಿಲ್ಲ ಅದು, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಊರಿನ ಫೋನುಗಳ ಮನೆಹೆಸರು ನಿನಗೂ ಕಂಡಿರಬೇಕು, ಆಗಷ್ಟೇ ಹೆಸರಿಟ್ಟು ಒತ್ತಿರಬೇಕು ನೀನು.

ಮುಟ್ಟಿದೆ. ಆ ಕಡೆಯವರು ಸ್ವೀಕರಿಸಲಿ ಎಂದು ಕಾಯುತ್ತಿದೆ ಅಂತ ಬಂತು. ನಿನ್ನ ಹೆಬ್ಬೆರಳು ಮೇಲೆ ನಿಂತಿತು. ಬೇಡ ಅಂತ ಒತ್ತಿದ್ದರೆ ಇನ್ನೊಮ್ಮೆ ಕಳಿಸುತ್ತಿರಲಿಲ್ಲ. ಯಾರಿಗೂ ಕಳಿಸುತ್ತಿರಲಿಲ್ಲ. ದಾರಿಗೆ ಬೇರೆ ಏನಾದರೂ ಮಾಡುತ್ತಿದ್ದೆ, ಏನು ಅಂತ ಕೇಳಬೇಡ.

ಗೆರೆ ತುಂಬಿತು. ಹೋಯಿತು.

ನೀನು ಸದ್ದು ತಗ್ಗಿಸಲು ಮರೆತಿದ್ದೆ. ಅಷ್ಟು ಜನರ ಎದುರು ಅವ್ವನ ದನಿ ಗೇಟಿನ ಆಚೆಯಿಂದ ಬಂತು, ಬೊಳ್ಳು ಎಲ್ಲಿ, ಬೊಳ್ಳು ಎಲ್ಲಿ. ಆಮೇಲೆ ನಿನ್ನ ದನಿ. ನಲವತ್ತು ಸೆಕೆಂಡು ನೀನು ಕದಲಲಿಲ್ಲ. ಮುಗಿದ ಮೇಲೆ ಫೋನು ಜೇಬಿಗೆ ಹಾಕಿಕೊಂಡೆ.

“ದಾರಿ ಉಟ್ಟು ಮೇಡಂ,” ಅಂದೆ ನೀನು.

ಮೇಡಂ ಜತೆ ಬಂದ ಗುಮಾಸ್ತರು ಬಯಲುಸೀಮೆಯವರು, ಪೆನ್ನು ನಿಲ್ಲಿಸಿ, ಏನಂದ್ರು ಅಂತ ಕೇಳಿದರು. ಇದೆ ಅಂದ್ರು, ದಾರಿ ಇದೆ ಅಂದ್ರು ಅಂತ ಸೌಮ್ಯ ಹೇಳಿದಳು. ಕಚೇರಿಯವರ ಹತ್ತಿರ ಕಚೇರಿಯ ಕನ್ನಡದಲ್ಲೇ ಮಾತಾಡುವವನು ನೀನು, ಇವತ್ತು ಮನೆಯ ಮಾತು ಬಂತು.

“ಬಾಳೆಗಿಡ ನೆಟ್ಟಲ್ಲಿ ಏಳು ಮೆಟ್ಟಿಲಿತ್ತು,” ಅಂದೆ ನೀನು. “ಮೊನ್ನೆ ತೆಗೆಸಿದ್ರು, ಕಲ್ಲು ಕಾಫಿ ಒಣಗಿಸುವ ಕಣದ ಹಿಂದೆ ರಾಶಿ ಉಂಟು. ಬರ್ಕೊಟ್ಟದ್ದು ನಾನೇ. ಅದು ಸುಳ್ಳು.”

ಮ್ಯಾನೇಜರ್ ನಿನ್ನ ತೋಳು ಹಿಡಿದರು. ನೀನು ಬಿಡಿಸಿಕೊಳ್ಳಲಿಲ್ಲ, ನಿಂತೇ ಇದ್ದೆ. ಮೇಡಂ ಕಲ್ಲಿನ ರಾಶಿ ನೋಡಲು ಹೋದರು. ಹುಚ್ಚಮ್ಮ ಗೇಟಿನ ಸರಳಿನೊಳಗೆ ಕೈ ಹಾಕಿ ನಿನ್ನ ಅಂಗಿ ಮುಟ್ಟಿದಳು.

ನೀನು ಕ್ವಾರ್ಟರ್ಸ್ ಕಡೆ ನಡೆದೆ. ಕಾಫಿಗಿಡದ ಮರೆಗೆ ಹೋಗುವವರೆಗೆ ನಾನು ನೋಡುತ್ತಾ ನಿಂತೆ.

ಫೆಬ್ರವರಿ ೧೩

ನಿನಗೆ ಕೆಲಸದಿಂದ ಬಿಡಿಸಿದ ಕಾಗದ ಕೊಟ್ಟರಂತೆ. ಮೋನಿಷಾಳ ಪರೀಕ್ಷೆ ಮು

ಅವಳು ಬಂದಿದ್ದಾಳೆ, ಇಲ್ಲೇ, ಪುಸ್ತಕದ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಾಳೆ. ಆಮೇಲೆ ಬರೆಯುತ್ತೇನೆ.

ಮಾರ್ಚ್ ೯

ಹೈದ ವಸಂತನಿಗೆ,

ಶಿರಂಗಾಲದ ಹೊಸ ಬಿಡಾರದಲ್ಲಿ ಎಲ್ಲರೂ ಸೌಖ್ಯವೇ? ಅಲ್ಲಿಯ ಬಿಸಿಲು ಶಕುಂತಲಾಳಿಗೆ ಒಗ್ಗುತ್ತದೆಯೇ? ಜೋಳದ ಗೋದಾಮಿನ ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು, ಅಪ್ಪನಿಗೂ ದಮ್ಮಿತ್ತು. ನಾಯಿಯನ್ನು ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು.

ಮೋನಿಷಾ ಚೆನ್ನಾಗಿದ್ದಾಳೆ. ಕೆಮ್ಮು ಪೂರ್ತಿ ಬಿಟ್ಟಿದೆ. ಮೂರು ಪರೀಕ್ಷೆ ಬರೆದಳು, ದಿನಾ ಬೆಳಿಗ್ಗೆ ಏಳೂವರೆಗೆ ಮೆಟ್ಟಿಲು ಇಳಿದು ಬಸ್ಸು ಹಿಡಿಯುತ್ತಾಳೆ. ಹೌದು, ಮೆಟ್ಟಿಲು. ಫೆಬ್ರವರಿ ಇಪ್ಪತ್ತೈದಕ್ಕೆ ಆದೇಶ ಬಂತು, ಬೀಗ ತೆಗೆದರು. ಮಾರನೆಯ ದಿನವೇ ಊರಿನವರು ಸೇರಿ ಕಣದ ಹಿಂದಿನ ಕಲ್ಲು ಹೊತ್ತು ತಂದು ಕೂರಿಸಿದೆವು. ಒಂದು ಕಲ್ಲು ಒಡೆದಿತ್ತು, ಚೋಮ ಹಳ್ಳದಿಂದ ಬೇರೆ ತಂದ. ಲೈನಿನಿಂದ ಅವನನ್ನು ಬಿಡಿಸಲು ನೋಡಿದರು, ಇಪ್ಪತ್ತಮೂರು ಮನೆಯವರು ಹೋಗಿ ಕಣದಲ್ಲಿ ಕೂತೆವು, ಬಿಟ್ಟರು. ಬಾಳೆಗಿಡ ನಮ್ಮ ಹಿತ್ತಿಲಲ್ಲಿವೆ, ನೀರು ಕಂಡು ಚಿಗುರಿವೆ.

ನೀನು ಸಹಿ ಹಾಕಿದ್ದು ತಪ್ಪೇ. ಅದನ್ನು ನಾನು ಅಳಿಸುವುದಿಲ್ಲ, ಮೊದಲಿನ ಪುಟಗಳಲ್ಲಿ ಬೈದದ್ದನ್ನೂ ಅಳಿಸುವುದಿಲ್ಲ. ಎಲ್ಲವನ್ನೂ ಓದು. ಡೈರಿಯಿಂದ ಹಾಳೆ ಕಿತ್ತು ಕಳಿಸುತ್ತಿದ್ದೇನೆ. ಫೋಟೋ ತೆಗೆದು ಕಳಿಸೋಣ ಅತ್ತೆ ಅಂದಳು ಮೋನಿಷಾ. ನನ್ನ ವಿದ್ಯೆ ಹತ್ತಿರದ ಫೋನಿಗೆ ಮಾತ್ರ ಹೋಗುವುದು, ನಿನ್ನ ಅಪ್ಪ ದೂರ ಇದ್ದಾನೆ ಅಂದೆ.

ನಿನ್ನ ಭಾವ ಕೇಳಿದ್ದಾರೆ, ಅವ್ವನ ವಿಡಿಯೋ ನಿನ್ನಲ್ಲಿ ಇದೆಯೋ ಅಳಿಸಿದೆಯೋ ಎಂದು. ಅದಕ್ಕಾದರೂ ಉತ್ತರ ಬೇಕು. ಟಪ್ಪಾಲಿನವರು ಸುತ್ತಿ ಬರಬೇಕಾಗಿದ್ದಾಗ ವಾರಕ್ಕೊಮ್ಮೆ ಬರುತ್ತಿದ್ದರು. ಈಗ ದಿನಾ ಹನ್ನೊಂದಕ್ಕೆಲ್ಲ ಅವರ ಕೊಡೆ ಮೆಟ್ಟಿಲ ಮೇಲೆ ಕಾಣುತ್ತದೆ, ನಮ್ಮ ಅಂಗಳಕ್ಕೇ ಕಾಣುತ್ತದೆ. ನಾನು ಆ ಹೊತ್ತಿಗೆ ಹೊರಗೇ ಇರುತ್ತೇನೆ. ಬೇಗ ಬರೆ.

ಇಂತಿ,
ಪಾಲೆಮೂಲೆಯ ಬೊಳ್ಳು